ಡ್ರೈವರ್ ಎಲೆ

ಪುಷ್ಯ ಮಾಸದ ಚಳಿ ಇನ್ನೂ ಬಿಟ್ಟಿರಲಿಲ್ಲ. ಮೆದೆ ಹಾಕಿದ್ದ ರಾಗಿಯನ್ನು ಜನ ರಸ್ತೆಗೆ ತಂದು ಹರವುತ್ತಿದ್ದ ದಿನಗಳು. ಕಣ ಸಾರಿಸಿ, ರೋಣಗಲ್ಲು ಕಟ್ಟಿ, ಎತ್ತುಗಳ ಹಿಂದೆ ದಿನವೆಲ್ಲ ಸುತ್ತುವ ಪಾಡು ಯಾಕೆ ಬೇಕು? ಟಾರು ರಸ್ತೆಯ ಮೇಲೆ ಹಾಸಿಬಿಟ್ಟರೆ ಬಸ್ಸು ಲಾರಿಗಳೇ ತುಳಿದು ಕೊಡುತ್ತವೆ. ಗೂಳೂರು ದಾಟಿದರೆ ಹೆಬ್ಬೂರಿನವರೆಗೂ ರಸ್ತೆ ಅಲ್ಲೊಂದು ತುಂಡು ಇಲ್ಲೊಂದು ತುಂಡು ಮಾತ್ರ ಕರ್ರಗೆ ಕಾಣುತ್ತಿತ್ತು. ಉಳಿದದ್ದೆಲ್ಲ ರಾಗಿ ಹುಲ್ಲು, ಹುರುಳಿ ಬಳ್ಳಿ, ಪಕ್ಕದಲ್ಲಿ ಮೊರ ಹಿಡಿದು ಕಾದು ನಿಂತ ಹೆಂಗಸರು.

ತುಮಕೂರಿನಿಂದ ಕುಣಿಗಲ್ಲಿಗೆ ಹೋಗುವ ಏಳು ಗಂಟೆ ಬಸ್ಸಿನ ಡ್ರೈವರ್ ಮುನಾವರ್ ಪಾಷಾನಿಗೆ ಇದು ಹೊಸದಲ್ಲ. ಹದಿನಾಲ್ಕು ವರ್ಷದಿಂದ ಅದೇ ರಸ್ತೆಯ ಮೇಲೆ ಅವನು ಎಷ್ಟು ಪಲ್ಲ ರಾಗಿ ಒಕ್ಕಿಕೊಟ್ಟಿದ್ದನೋ. ಹುಲ್ಲು ಕಂಡ ಕೂಡಲೆ ಗೇರು ಇಳಿಸುತ್ತಿದ್ದ. ಎಡಕ್ಕೊಮ್ಮೆ ಬಲಕ್ಕೊಮ್ಮೆ ಸ್ಟೇರಿಂಗ್ ತಿರುವಿ, ಹಾಸಿದ ಅಗಲಕ್ಕೂ ಚಕ್ರ ಹಾಯಿಸುತ್ತಿದ್ದ. ರೈತರು ಕೈಮುಗಿಯುತ್ತಿದ್ದರು.

ಅವತ್ತು ಹಾಸಿನ ನಡುವೆ ಚಿಕ್ಕಮಾರಯ್ಯ ಎಂಬ ಮುದುಕ ಬೆನ್ನು ತಿರುಗಿಸಿಕೊಂಡು ಹುಲ್ಲು ಮಗುಚುತ್ತಿದ್ದ. ಪಾಷಾ ಹಾರನ್ ಹೊಡೆದ, ಬ್ರೇಕಿಗೆ ಕಾಲು ಇಟ್ಟ. ಇಟ್ಟನೋ ಇಲ್ಲವೋ ಕಾಲಿಗೇ ಗೊತ್ತಾಗಲಿಲ್ಲ. ಪಾದದ ಅಡಿಯಲ್ಲಿ ಹತ್ತಿ ಕಟ್ಟಿದ ಹಾಗೆ ಜೋಮು. ಬಗ್ಗಿ ನೋಡಿದ, ಕಾಲು ಬ್ರೇಕಿನ ಪಕ್ಕದಲ್ಲಿ ಬರೀ ತಗಡನ್ನು ಒತ್ತುತ್ತಿತ್ತು. ಗಾಬರಿಯಲ್ಲಿ ಕೈಬ್ರೇಕ್ ಎಳೆದ. ಬಸ್ಸು ನಿಂತಾಗ ಚಿಕ್ಕಮಾರಯ್ಯನ ಬೆನ್ನಿಗೂ ಬಂಪರಿಗೂ ನಡುವೆ ಒಂದು ಗೇಣು ಉಳಿದಿತ್ತು.

"ಏನ್ ಸಾಬ್ರೇ, ರಾಗಿ ಜೊತೆ ನನ್ನೂ ಒಕ್ಕಿಬುಡ್ತಿದ್ರಲ್ಲ!" ಅಂತ ಮುದುಕ ಬೊಚ್ಚು ಬಾಯಿ ಬಿಟ್ಟು ನಕ್ಕ. ಬಸ್ಸಿನೊಳಗಿದ್ದವರೂ ನಕ್ಕರು.

ನಗದವನು ಕಂಡಕ್ಟರ್ ರಾಮಾಂಜಿನಯ್ಯ ಒಬ್ಬನೇ. ಟಿಕೆಟ್ ಹರಿಯುವುದನ್ನು ಬಿಟ್ಟು ಇಂಜಿನ್ ಪಕ್ಕಕ್ಕೆ ಬಂದು ನಿಂತ. "ಬಗ್ಗಿ ನೋಡ್ದೆ ನೀನು," ಅಂದ ಮೆಲ್ಲಗೆ. "ಇಷ್ಟು ವರ್ಷದಲ್ಲಿ ನೀನು ಬ್ರೇಕ್ ಹುಡುಕಿದ್ದನ್ನ ನಾನು ನೋಡಿಲ್ಲ ಕಣಯ್ಯ."

"ಚಳಿಗೆ ಕಾಲು ಮರಗಟ್ಟಿತ್ತು, ಸುಮ್ನಿರು."

ಚಳಿಗಲ್ಲ ಅಂತ ಪಾಷಾನಿಗೆ ಗೊತ್ತಿತ್ತು. ನಲವತ್ತೇಳು ವರ್ಷದ ಅವನಿಗೆ ಸಕ್ಕರೆ ಕಾಯಿಲೆ ಇರುವುದು ದೀಪಾವಳಿ ಹೊತ್ತಿಗೇ ಪತ್ತೆಯಾಗಿತ್ತು. ಗೊತ್ತಿದ್ದದ್ದು ಮೂವರಿಗೆ: ಅವನಿಗೆ, ಹೆಂಡತಿ ತಾಜುನ್ನೀಸಾಳಿಗೆ, ತುಮಕೂರಿನ ಡಾಕ್ಟರಿಗೆ. ಬಸ್ಸಿನ ಮಾಲೀಕ ಸಾಹುಕಾರ್ ವೆಂಕಟರಂಗಯ್ಯನ ಕಿವಿಗೆ ಬಿದ್ದರೆ ಸ್ಟೇರಿಂಗ್ ಹೋದ ಹಾಗೆ. ಬದಲಿ ಡ್ರೈವರ್ ನಜೀರ್ ಅಹಮದ್ ಇಪ್ಪತ್ತಾರು ವರ್ಷದವನು, ಸೀಟು ಯಾವಾಗ ಸಿಗುತ್ತದೋ ಅಂತ ಶೆಡ್ಡಿನಲ್ಲಿ ಕಾಯುತ್ತಿದ್ದ. ಸಾಲದ್ದಕ್ಕೆ ಯುಗಾದಿ ಹೊತ್ತಿಗೆ ಪಾಷಾನ ಲೈಸೆನ್ಸ್ ರಿನ್ಯೂ ಆಗಬೇಕಿತ್ತು. ಅದಕ್ಕೆ ಡಾಕ್ಟರ ಸರ್ಟಿಫಿಕೇಟ್ ಬೇಕಿತ್ತು.

ಅವತ್ತು ಸಂಜೆ ಗುಬ್ಬಿ ಟ್ರಿಪ್ಪು ಮುಗಿಸಿ ಅವನು ನೇರವಾಗಿ ಡಾಕ್ಟರ ಹತ್ತಿರ ಹೋದ. ಡಾಕ್ಟರು ಗಾಜಿನ ಕೊಳವೆಯಲ್ಲಿ ನೀಲಿ ಔಷಧ ಹಾಕಿ, ಅವನ ಉಚ್ಚೆಯ ಎಂಟು ಹನಿ ಬಿಟ್ಟು, ಸ್ಪಿರಿಟ್ ದೀಪದ ಮೇಲೆ ಹಿಡಿದರು. ನೀಲಿ ಹಸಿರಾಯಿತು, ಹಸಿರು ಹಳದಿಯಾಯಿತು, ನೋಡನೋಡುತ್ತ ಇಟ್ಟಿಗೆ ಪುಡಿ ಕದಡಿದ ಹಾಗೆ ಕೆಂಪಗಾಯಿತು. ಕೆಂಪಗಾದಷ್ಟೂ ಸಕ್ಕರೆ ಜಾಸ್ತಿ; ಎರಡು ತಿಂಗಳ ಹಿಂದೆಯೂ ಅದೇ ಬಣ್ಣ.

"ಮಾತ್ರೆ ನುಂಗ್ತಾ ಇದೀರಾ?"

"ತಪ್ಪಿಸಿಲ್ಲ ಸಾರ್."

"ಏನೇನು ತಿಂತೀರಿ? ಒಂದೂ ಬಿಡದೆ ಹೇಳಿ."

"ಬೆಳಿಗ್ಗೆ ಒಂದು ರಾಗಿ ರೊಟ್ಟಿ. ಮಧ್ಯಾಹ್ನ ಡಬ್ಬೀಲಿ ಮುದ್ದೆ, ಸೊಪ್ಪಿನ ಸಾರು. ರಾತ್ರಿ ಎರಡು ಚಪಾತಿ. ಮನೇಲಿ ಟೀಗೆ ಸಕ್ಕರೆ ಹಾಕೋದೇ ಬಿಟ್ಟವ್ಳೆ."

"ನೀವು ಹೇಳೋದು ಒಂದು, ಈ ಕೊಳವೆ ಹೇಳೋದು ಒಂದು. ನಾನು ಯಾವುದನ್ನ ನಂಬಲಿ?" ಡಾಕ್ಟರು ಕೊಳವೆ ತೊಳೆಯಲು ಹೊರಟರು. "ಪಾದದ ಜೋಮು ಇದರದ್ದೇ. ನಿಮ್ಮ ಹಿಂದೆ ಅರವತ್ತು ಜನ ಕೂತಿರ್ತಾರೆ. ಯುಗಾದಿಗೆ ಇದು ಹಸಿರಿಗಾದರೂ ಬರದಿದ್ರೆ ನಾನು ಸಹಿ ಹಾಕೋದಿಲ್ಲ ಪಾಷಾ. ದಿನಾ ಒಂದು ಗಂಟೆ ನಡೀರಿ. ಇಡೀ ದಿನ ಕೂತೇ ಇರೋ ಕೆಲಸ ನಿಮ್ಮದು."

ಪಾಷಾ ಸುಳ್ಳು ಹೇಳಿರಲಿಲ್ಲ. ತಾನು ತಿನ್ನುವುದನ್ನೆಲ್ಲ ಹೇಳಿದ್ದೇನೆ ಎಂದೇ ಅವನು ತಿಳಿದಿದ್ದ. ರಾತ್ರಿ ಕೊಳವೆಯ ಸುದ್ದಿ ಕೇಳಿ ತಾಜುನ್ನೀಸಾ, "ಆ ಔಷಧವೇ ಹಳೇದಾಗಿರಬೇಕು. ನಾನು ಬೆಲ್ಲದ ಡಬ್ಬಕ್ಕೆ ಬೀಗ ಹಾಕಿದೀನಿ, ಸಕ್ಕರೆ ಎಲ್ಲಿಂದ ಬರುತ್ತೆ?" ಅಂತ ಡಾಕ್ಟರನ್ನೇ ಬೈದಳು.

ಮುಂದಿನ ವಾರ ತಾಜುನ್ನೀಸಾ ತನ್ನ ತಂಗಿ ಹಮೀದಾಳ ಮಗುವನ್ನು ನೋಡಲು ಕುಣಿಗಲ್ಲಿಗೆ ಹೋಗಬೇಕಾಗಿ ಬಂತು. ಗಂಡನ ಬಸ್ಸಿನಲ್ಲೇ, ಡ್ರೈವರ್ ಹಿಂದಿನ ಹೆಂಗಸರ ಸೀಟಿನಲ್ಲಿ ಬುರ್ಖಾ ಸರಿಮಾಡಿಕೊಂಡು ಕೂತಳು. ಕೈಯಲ್ಲಿ ತಸ್ಬಿ ಮಣಿ.

ಬಸ್ ಸ್ಟ್ಯಾಂಡ್ ಬಿಡುವ ಮುಂಚೆಯೇ ಕಿಟಕಿಗೆ ಒಂದು ಗ್ಲಾಸ್ ಟೀ ಬಂತು. ಗೂಳೂರಿನಲ್ಲಿ ಯಾರೋ ಬಾಳೆಹಣ್ಣು ಚಾಚಿದರು. ಹೆಬ್ಬೂರಿನಲ್ಲಿ ಬಸ್ಸು ಹತ್ತು ನಿಮಿಷ ನಿಂತಿತು. ತಾಜುನ್ನೀಸಾಳ ಕಿಟಕಿಯ ಎದುರಿಗೇ ಹೊಂಬಾಳಮ್ಮನ ಹೋಟೆಲು. ಜನ ಇಳಿದು ಒಳಗೆ ಹೋದರು. ಒಲೆಯ ಪಕ್ಕದ ಮೂಲೆಯ ಬೆಂಚಿನ ಮುಂದೆ ಮುತ್ತುಗದ ಎಲೆ ಆಗಲೇ ಹಾಕಿತ್ತು: ಎರಡು ವಡೆ, ಮಧ್ಯೆ ಗುಳಿ ಮಾಡಿ ತುಪ್ಪ ಬಿಟ್ಟ ಕೇಸರಿಬಾತು, ಗಟ್ಟಿ ಚಟ್ನಿ. ಪಾಷಾ ಕೂತ, ತಿಂದ, ಎದ್ದ. ಕೇಳಿದವರಿಲ್ಲ, ಕಾಸು ಕೊಟ್ಟವರಿಲ್ಲ. ಮೇಲೆ ಒಂದು ಲೋಟ ಕಾಫಿ. ಕುಣಿಗಲ್ಲಿನಲ್ಲಿ ಅವಳು ಇಳಿಯುವಷ್ಟರಲ್ಲಿ ಇನ್ನೊಂದು ಹೋಟೆಲು, ಇನ್ನೊಂದು ಎಲೆ, ಖಾಲಿ ದೋಸೆ, ಸಾಗು. ವಾಪಸು ಬರುವಾಗ ಹೆಬ್ಬೂರಿನಲ್ಲಿ ಮತ್ತೆ ಎಲೆ.

ಮನೆಗೆ ಬಂದ ಮೇಲೆ ತಾಜುನ್ನೀಸಾ ಬುರ್ಖಾ ತೆಗೆದು ಗೂಟಕ್ಕೆ ಹಾಕಿ, "ಹನ್ನೊಂದು," ಅಂದಳು.

"ಏನು ಹನ್ನೊಂದು?"

"ಮಣಿ. ನೀವು ಬಾಯಿಗೆ ಹಾಕಿದ್ದಕ್ಕೆಲ್ಲ ಒಂದೊಂದು ಮಣಿ ಸರಿಸ್ತಾ ಬಂದೆ. ಅಲ್ಲಾನ ಹೆಸರು ಹೇಳೋ ಮಣೀಲಿ ನಿಮ್ಮ ವಡೆ ಎಣಿಸೋ ಹಾಗೆ ಮಾಡಿದ್ರಲ್ಲ, ಆ ಪಾಪ ಯಾರ ತಲೆಗೆ?"

ಪಾಷಾನಿಗೆ ನಿಜಕ್ಕೂ ಅರ್ಥವಾಗಲಿಲ್ಲ. "ಅದು ಮಾಮೂಲು ಕಣೇ. ಡ್ರೈವರ್ ಎಲೆ."

"ಡ್ರೈವರ್ ಎಲೆ ಹೊಟ್ಟೆಗೆ ಹೋಗಲ್ವಾ? ಬಸ್ಸಿನ ಡೀಸೆಲ್ ಟ್ಯಾಂಕಿಗೆ ಹೋಗುತ್ತಾ?"

ಅವನು ಗೋಡೆಗೆ ಒರಗಿ ಕೂತ. ಊಟ ಅಂದರೆ ಮನೆಯದು; ದುಡ್ಡು ಕೊಟ್ಟು ತಂದು, ಹೆಂಡತಿ ಬೇಯಿಸಿ ಹಾಕಿದ್ದು. ಹೋಟೆಲಿನ ಎಲೆ ಸ್ಟೇರಿಂಗಿನ ಜೊತೆಗೆ ಬಂದ ಸಾಮಾನು, ಹಾರನ್ ಇದ್ದ ಹಾಗೆ. ಅದನ್ನು ತಿಂದೆ ಅಂತ ಅವನಿಗೆ ಯಾವತ್ತೂ ಅನಿಸಿರಲಿಲ್ಲ. ಡಾಕ್ಟರು ಒಂದೂ ಬಿಡದೆ ಹೇಳಿ ಅಂದಾಗಲೂ ಅದು ನೆನಪಿಗೆ ಬಂದಿರಲಿಲ್ಲ.

"ನಾಳೆಯಿಂದ ಮುಟ್ಟಬೇಡಿ," ಅಂದಳು ತಾಜುನ್ನೀಸಾ.

"ಹಂಗೆಲ್ಲ ಬಿಡೋಕಾಗಲ್ಲ. ನಿನಗೆ ಗೊತ್ತಿಲ್ಲ."

ಅವಳಿಗೆ ಗೊತ್ತಿಲ್ಲದ್ದು ಇಷ್ಟು. ಡ್ರೈವರ್ ಎಲೆಗೆ ಕೂತರೆ ಬಸ್ಸು ಅಲ್ಲಿ ನಿಲ್ಲುತ್ತದೆ. ಬಸ್ಸು ನಿಂತರೆ ಅರವತ್ತು ಜನ ಇಳಿಯುತ್ತಾರೆ. ಗಂಡ ಸತ್ತ ಮೇಲೆ ಹೊಂಬಾಳಮ್ಮ ಒಲೆ ಉರಿಸಿ ಇಬ್ಬರು ಹೆಣ್ಣುಮಕ್ಕಳ ಮದುವೆ ಮಾಡಿದ್ದು ಆ ಹತ್ತು ನಿಮಿಷದಲ್ಲಿ. ಎಲೆ ಬೇಡ ಅನ್ನುವುದೂ ಒಂದೇ, ನಾಳೆಯಿಂದ ಬಸ್ಸು ನಿಲ್ಲಿಸುವುದಿಲ್ಲ ಅನ್ನುವುದೂ ಒಂದೇ. ಹೆಬ್ಬೂರಿನ ಕೆರೆ ಏರಿಯ ಕಡೆ ಸಂಕ್ರಾಂತಿಗೆ ಹೊಸ ಹೋಟೆಲೊಂದು ಬಾಗಿಲು ತೆಗೆದಿತ್ತು ಬೇರೆ. ಅದರ ಯಜಮಾನ ಎರಡು ಸಲ ಬಂದು ಪಾಷಾನ ಹೆಗಲ ಮೇಲೆ ಕೈಹಾಕಿ ಮಾತಾಡಿಸಿ ಹೋಗಿದ್ದ.

ಆದರೂ ಮಾರನೆಯ ದಿನ ಪಾಷಾ ಎಲೆಯ ಮುಂದೆ ಕೂರಲಿಲ್ಲ. "ಹೊಟ್ಟೆ ಸರಿಯಿಲ್ಲ ಅಕ್ಕ," ಅಂದ. ಆ ಹತ್ತು ನಿಮಿಷ ಏನು ಮಾಡುವುದು? ಡಾಕ್ಟರು ನಡಿ ಅಂದಿದ್ದರಲ್ಲ, ಕೆರೆ ಏರಿಯ ತನಕ ಬಿರಬಿರನೆ ನಡೆದು ತಿರುಗಿ ಬಂದ. ಮೊದಲ ದಿನ ಏದುಸಿರು. ನಾಲ್ಕನೆಯ ದಿನ ಏರಿಯ ಮೇಲಿನ ಗಾಳಿ ಹಿತವಾಗಿದೆ ಅನಿಸಿತು.

ಹೊಂಬಾಳಮ್ಮ ಒಲೆಯ ಮುಂದಿನಿಂದ ನೋಡುತ್ತಿದ್ದಳು. ಅವಳಿಗೆ ಕಂಡದ್ದು ಬೇರೆ: ದಿನಾ ಸಾಬರು ತನ್ನ ಎಲೆ ಬಿಟ್ಟು ಹೊಸ ಹೋಟೆಲಿನ ದಿಕ್ಕಿಗೆ ಹೋಗುತ್ತಾರೆ, ಅದರ ಹಿಂದೆ ಮರೆಯಾಗುತ್ತಾರೆ, ಬೆವರು ಒರೆಸಿಕೊಂಡು ಬರುತ್ತಾರೆ. ಐದನೆಯ ದಿನ ಕೇಸರಿಬಾತಿಗೆ ಗೋಡಂಬಿ ಬಿತ್ತು. ಎಂಟನೆಯ ದಿನ ತುಪ್ಪ ಇಮ್ಮಡಿಯಾಯಿತು. ಹತ್ತನೆಯ ದಿನ ಅವಳು ಗಿರಾಕಿಗಳ ಎದುರಿಗೇ ಕೇಳಿದಳು:

"ಏನ್ ಪಾಷಾ ಸಾಬ್ರೇ, ಏರಿ ಕಡೆ ಹೋಟ್ಲಲ್ಲಿ ಏನು ಅಂಥಾ ರುಚಿ? ನಮಗೂ ಒಸಿ ಹೇಳಿಕೊಡಿ."

"ಅಯ್ಯೋ ಇಲ್ಲ ಅಕ್ಕ, ಸುಮ್ನೆ ಕಾಲಾಡಿಸ್ತೀನಿ."

"ಕಾಲಾಡ್ಸೋಕೆ ದನ ಕಾಯೋರ ಹಾಗೆ ಕೆರೆ ಸುತ್ತಬೇಕಾ? ಹೊಟ್ಟೆ ಸರಿಯಿಲ್ಲದೋರು ಹತ್ತು ದಿನ ಬಸ್ ಓಡಿಸ್ತಾರಾ?" ಸೌಟನ್ನು ಬಾಣಲೆಗೆ ಕುಕ್ಕಿದಳು. "ಹೋಗಲಿ ಬುಡಿ. ಮುಖ ನೋಡಿ ಹೇಳಿದ್ರೆ ನಾನೇನು ಅಳ್ತಿರ್ಲಿಲ್ಲ."

ಕಾಯಿಲೆ ಅಂತ ಬಾಯಿ ತುದಿಗೆ ಬಂದದ್ದನ್ನು ಪಾಷಾ ನುಂಗಿಕೊಂಡ. ಹೋಟೆಲಿನಲ್ಲಿ ಆಡಿದ ಮಾತು ಸಂಜೆಯೊಳಗೆ ಸಾಹುಕಾರನ ಮನೆ ಜಗುಲಿ ಮುಟ್ಟುತ್ತದೆ.

ಹೇಳದಿದ್ದರೂ ಮುಟ್ಟಿತು, ಬೇರೆಯೇ ಮಾತು. ಶಿವರಾತ್ರಿ ಕಳೆದ ಸೋಮವಾರ ಸಾಹುಕಾರ್ ವೆಂಕಟರಂಗಯ್ಯ ಬಿಳೀ ಪಂಚೆ, ಕೋಟು ತೊಟ್ಟು ಏಳರ ಬಸ್ಸಿನ ಮುಂದಿನ ಸೀಟಿಗೇ ಬಂದು ಕೂತ. "ನಡಿ, ಹೆಬ್ಬೂರಿಗೆ ನಾನೂ ಬರ್ತೀನಿ," ಅಂದ. ರಾಮಾಂಜಿನಯ್ಯ ಟಿಕೆಟ್ ಹರಿಯುತ್ತ ಪಾಷಾನ ಕಿವಿಯ ಹತ್ತಿರ ಬಂದು, "ಹೊಂಬಾಳಕ್ಕ ನಿನ್ನೆ ತುಮಕೂರಿಗೆ ಹೋಗಿದ್ಳಂತೆ," ಅಂತ ಉಸುರಿ ಹೋದ.

ಹೆಬ್ಬೂರಿನಲ್ಲಿ ಎಲೆ ಹಾಕಿತ್ತು. ವಡೆ, ಕೇಸರಿಬಾತು, ತುಪ್ಪ. ಸಾಹುಕಾರ ಬೆಂಚಿನ ಮೇಲೆ ಕೂತು ಕೋಲನ್ನು ಮೊಣಕಾಲ ನಡುವೆ ಇಟ್ಟುಕೊಂಡ.

"ಈಕೆ ಹೇಳೋದು, ನೀನು ಹೊಸ ಹೋಟ್ಲೋನ ಹತ್ರ ದುಡ್ಡು ತಿಂದು ನನ್ನ ಬಸ್ಸನ್ನ ಆ ಕಡೆ ತಿರುಗಿಸ್ತೀಯ ಅಂತ. ಬಸ್ ಎಲ್ಲಿ ನಿಲ್ಲಬೇಕು ಅನ್ನೋದನ್ನ ಮಾರಾಟ ಮಾಡೋಕೆ ನೀನ್ಯಾರಯ್ಯ?"

"ಒಂದು ಕಾಸು ಮುಟ್ಟಿಲ್ಲ ಸಾಹುಕಾರ್ರೇ. ನನ್ನ ಮಕ್ಕಳಾಣೆ."

"ಹಂಗಾದ್ರೆ ಕೂತು ತಿನ್ನು. ಮುಗೀತು."

ಹೊಂಬಾಳಮ್ಮ ಸೆರಗಿಗೆ ಕೈ ಒರೆಸಿಕೊಂಡು ನಿಂತಿದ್ದಳು. ಗಿರಾಕಿಗಳು ಕೈಯಲ್ಲಿದ್ದ ತುತ್ತನ್ನು ಹಾಗೇ ಹಿಡಿದು ನೋಡುತ್ತಿದ್ದರು. ಪಾಷಾ ಎಲೆಯ ಮುಂದೆ ಕೂತ. ಒಂದು ದಿನ ತಿಂದರೆ ಏನಾದೀತು ಅನಿಸಿತು. ತಿಂದರೆ ಈ ಮಾತು ಇಲ್ಲಿಗೇ ಮುಗಿಯುತ್ತದೆ, ಸೀಟೂ ಉಳಿಯುತ್ತದೆ. ಆದರೆ ನಾಳೆಯೂ ಎಲೆ ಹಾಕುತ್ತಾರೆ, ನಾಡಿದ್ದೂ. ಬಲಗಾಲಿನ ಬೆರಳುಗಳನ್ನು ಚಪ್ಪಲಿಯೊಳಗೆ ಮಡಿಸಿ ನೋಡಿದ. ಇದ್ದೂ ಇಲ್ಲದಂಥ ಬೆರಳುಗಳು. ಚಿಕ್ಕಮಾರಯ್ಯನ ಬೆನ್ನು ಕಣ್ಣ ಮುಂದೆ ಬಂತು.

ಎಲೆಗೆ ಕೈಮುಗಿದು ಎದ್ದ. "ನನಗೆ ಸಕ್ಕರೆ ಕಾಯಿಲೆ ಸಾಹುಕಾರ್ರೇ. ಕಾಲು ಜೋಮು ಹಿಡೀತದೆ. ಡಾಕ್ಟರು ನಡಿ ಅಂದವ್ರೆ, ಅದಕ್ಕೇ ಏರಿ ಕಡೆ ಹೋಗ್ತೀನಿ. ಬಚ್ಚಿಟ್ಟಿದ್ದು ನನ್ನ ತಪ್ಪು."

ಬಾಣಲೆಯಲ್ಲಿ ಒಂದು ವಡೆ ಕರಕಲಾಗಿ ಹೊಗೆ ಬಂತು.

ಸಾಹುಕಾರ ಕೋಲು ಊರಿ ಎದ್ದ. ಕೆಟ್ಟವನಲ್ಲ, ಆದರೆ ಬಸ್ಸು ಅವನದು. "ಜೋಮು ಹಿಡಿಯೋ ಕಾಲಲ್ಲಿ ಇಷ್ಟು ದಿನ ಓಡಿಸಿದ್ಯಾ? ಕುಣಿಗಲ್ಲಿಗೆ ಹೋಗಿ ಮೆಲ್ಲಗೆ ವಾಪಸ್ ತಗೊಂಡು ಬಾ. ನಾಳೆಯಿಂದ ನಜೀರ್ ಓಡಿಸ್ತಾನೆ. ನೀನು ಶೆಡ್ಡಲ್ಲಿ ಟೈರು ನೋಡ್ಕೊ, ಅರ್ಧ ಸಂಬಳ. ಡಾಕ್ಟರ ಚೀಟಿ ತಂದ ದಿನ ಮಾತಾಡೋಣ."

ಪಾಷಾ ಬಸ್ಸು ಹತ್ತುವಾಗ ಹೊಂಬಾಳಮ್ಮ ಬಾಗಿಲಿಗೆ ಬಂದಳು. ಸೆರಗಿನಿಂದ ಬಾಯಿ ಮುಚ್ಚಿಕೊಂಡು ಒಳಗೆ ಹೋದಳು.

ಶೆಡ್ಡು ಇದ್ದದ್ದು ಅಂತರಸನಹಳ್ಳಿ ಕಡೆ. ಪಾಷಾನ ಮನೆಯಿಂದ ಒಂದು ಗಂಟೆಯ ದಾರಿ. ಮೊದಲು ಯಾರದ್ದಾದರೂ ಸೈಕಲ್ ಕ್ಯಾರಿಯರ್ ಹತ್ತುತ್ತಿದ್ದವನು ಈಗ ನಸುಕಿನ ಫಜರ್ ನಮಾಜು ಮುಗಿಸಿ ನಡೆದೇ ಹೋದ, ಸಂಜೆ ನಡೆದೇ ಬಂದ. ಮೊದಲ ವಾರ ದಾರಿಯಲ್ಲಿ ಎದುರಾದವರೆಲ್ಲ, "ಏನ್ ಡ್ರೈವರ್ ಸಾಬ್ರೇ, ಬಸ್ ಇಲ್ಲದೆ ಹೊರಟ್ರಿ?" ಅನ್ನುವವರೇ. ಇಷ್ಟು ವರ್ಷ ಊರಿಗೆಲ್ಲ ಸವಾರಿ ಕೊಟ್ಟವನಿಗೆ ನಡೆಯುವುದೇ ನಾಚಿಕೆ. ಎರಡನೆಯ ವಾರಕ್ಕೆ ಕೇಳುವವರು ಬೇಸತ್ತರು.

ಮನೆಯಲ್ಲಿ ತಾಜುನ್ನೀಸಾ ಮುದ್ದೆಗೂ ಅಳತೆ ತಂದಳು. "ರಾಗಿ ಒಳ್ಳೇದು ಅಂತ ಹೊಲ ಉಳೋನ ಮುದ್ದೆ ನೀವು ತಿಂದ್ರೆ ಹೇಗೆ? ಕೂತು ತಿರುಗಿಸೋದು ಸ್ಟೇರಿಂಗು," ಅಂದು ಬಸ್ಸಿನ ಹಾರನ್ನಿನ ರಬ್ಬರ್ ಉಂಡೆಯಷ್ಟೇ ಕಟ್ಟಿ ಇಟ್ಟಳು, ಜೊತೆಗೆ ತಟ್ಟೆಯ ತುಂಬ ಸೊಪ್ಪು, ಸೌತೆಕಾಯಿ. ರಾತ್ರಿ ಹಸಿವಾದರೆ ಮಜ್ಜಿಗೆ. ಪಾಷಾ ಗೊಣಗಿದ. ಗೊಣಗುತ್ತಲೇ ಬೆಲ್ಟಿನಲ್ಲಿ ಒಂದು ತೂತು ಒಳಕ್ಕೆ ಬಂದ.

ಶೆಡ್ಡಿಗೆ ಹೋದ ಮೂರನೆಯ ದಿನ ಮಧ್ಯಾಹ್ನ ರಾಮಾಂಜಿನಯ್ಯ ಬಂದು ಮುತ್ತುಗದ ಎಲೆಯ ಪೊಟ್ಟಣವೊಂದನ್ನು ಅವನ ಕೈಗಿಟ್ಟ. ಒಂದು ರಾಗಿ ರೊಟ್ಟಿ, ನುಗ್ಗೆಸೊಪ್ಪಿನ ಪಲ್ಯ, ಬೇಯಿಸಿದ ಹುರುಳಿಕಾಳು.

"ಯಾರು?"

"ಇನ್ಯಾರು, ಹೊಂಬಾಳಕ್ಕ. ಸಕ್ಕರೆಯೋರು ಏನು ತಿಂತಾರೆ ಅಂತ ಪೋಸ್ಟ್ ಆಫೀಸಿನ ಗುಮಾಸ್ತನ ಹೆಂಡ್ತಿನ ಕೇಳಿಕೊಂಡು ಬಂದು ಮಾಡವ್ಳೆ."

"ನಜೀರನಿಗೆ ಎಲೆ ಹಾಕ್ತಾಳಾ?"

"ಹಾಕ್ತಾಳೆ. ವಡೆ, ಕೇಸರಿಬಾತು, ಮಾಮೂಲು. ಬಸ್ ಅಲ್ಲೇ ನಿಲ್ತದೆ."

"ಹಂಗಾದ್ರೆ ನನಗ್ಯಾಕೆ? ಅವಳ ಹೋಟ್ಲ ಮುಂದೆ ಬಸ್ ನಿಲ್ಲಿಸೋನು ನಾನಲ್ಲವಲ್ಲ."

"ನಾನೂ ಅದನ್ನೇ ಕೇಳ್ದೆ. 'ತಗೊಂಡೋಗಿ ಕೊಡೋ, ಬಾಯಿ ಮುಚ್ಕೊಂಡಿರು' ಅಂದ್ಳು." ರಾಮಾಂಜಿನಯ್ಯ ಟೈರಿನ ಮೇಲೆ ಕೂತ. "ನನಗೆ ಒಂದು ದಿನವಾದ್ರೂ ರೊಟ್ಟಿ ಕಟ್ಟಿಕೊಟ್ಟವ್ಳಾ ನೋಡು. ಕಾಯಿಲೆ ಬರೋಕೂ ಪುಣ್ಯ ಬೇಕು ಕಣಯ್ಯ."

ಪೊಟ್ಟಣ ದಿನಾ ಬಂತು. ಇಪ್ಪತ್ತಾರು ದಿನ, ಒಂದು ದಿನವೂ ತಪ್ಪದೆ.

ಯುಗಾದಿಗೆ ಎರಡು ದಿನ ಮುಂಚೆ ಡಾಕ್ಟರು ಕೊಳವೆಯನ್ನು ದೀಪದ ಮೇಲೆ ಹಿಡಿದರು. ತಾಜುನ್ನೀಸಾ ಬಾಗಿಲ ಹತ್ತಿರ ಕಣ್ಣು ಮುಚ್ಚಿ ನಿಂತಿದ್ದಳು. ನೀಲಿ ಕುದಿಯಿತು, ಹಸಿರಾಯಿತು. ಪಾಷಾ ಹಳದಿಗಾಗಿ ಕಾದ. ಡಾಕ್ಟರೂ ಕಾದರು. ಕೆಸುವಿನೆಲೆಯ ಹಾಗೆ ಹಸಿರಾಗಿಯೇ ನಿಂತಿತು.

"ಕಣ್ಣು ಬಿಡಿ ತಾಯಿ," ಅಂದರು ಡಾಕ್ಟರು. ಆಮೇಲೆ ಪಾಷಾನ ಪಾದಕ್ಕೆ ಗುಂಡುಸೂಜಿ ತಾಗಿಸುತ್ತ ಹೋದರು. ಹಿಮ್ಮಡಿಯಲ್ಲಿ ಚುಚ್ಚಿತು, ಹೆಬ್ಬೆರಳಲ್ಲಿ ಚುಚ್ಚಿತು. ಕಿರುಬೆರಳಲ್ಲಿ ಏನೂ ಇಲ್ಲ. "ಇಲ್ಲಿ ಸ್ಪರ್ಶ ಬಂದರೆ ಬಂತು, ಇಲ್ಲದಿದ್ರೆ ಇಲ್ಲ. ಬ್ರೇಕಿಗೆ ಸಾಕು. ಆರು ತಿಂಗಳಿಗೆ ಸಹಿ ಹಾಕ್ತೀನಿ, ಜಾಸ್ತಿಗಲ್ಲ. ಮತ್ತೆ ಇಟ್ಟಿಗೆ ಬಣ್ಣ ಕಂಡರೆ ನಾನೇ ನಿಮ್ಮ ಸಾಹುಕಾರ್ರಿಗೆ ಕಾಗದ ಬರೀತೀನಿ."

ಹಬ್ಬ ಕಳೆದ ಬುಧವಾರ ಏಳರ ಬಸ್ಸನ್ನು ಪಾಷಾ ತೆಗೆದ. ನಜೀರ್ ಅಹಮದ್ ಸೀಟು ಒರೆಸಿಕೊಟ್ಟು, "ಆರು ತಿಂಗಳು ಬಿಟ್ಟು ಬರ್ತೀನಿ ಮಾಮು," ಅಂತ ಹಲ್ಲುಕಿರಿದು ಶೆಡ್ಡಿಗೆ ಹೋದ. ಹೆಬ್ಬೂರಿನಲ್ಲಿ ಬಸ್ಸು ನಿಂತಿತು. ಪಾಷಾ ಮೊದಲು ಕೆರೆ ಏರಿಯ ತನಕ ಹೋಗಿ ಬಂದ. ಬರುವಷ್ಟರಲ್ಲಿ ಮೂಲೆಯ ಬೆಂಚಿನ ಮುಂದೆ ಎಲೆ ಹಾಕಿತ್ತು. ಅದರ ಮೇಲೆ ಒಂದೇ ರೊಟ್ಟಿ, ಸೊಪ್ಪು, ಸಕ್ಕರೆಯಿಲ್ಲದ ಕಾಫಿ.

"ಕಾಫಿ ಕಷಾಯದ ಹಾಗಿದೆ ಅಕ್ಕ," ಅಂದ.

"ಹದಿನಾಲ್ಕು ವರ್ಷ ಪಾನಕ ಕುಡಿಸಿದ್ದೀನಲ್ಲ, ಇನ್ನು ಹದಿನಾಲ್ಕು ವರ್ಷ ಕಷಾಯ ಕುಡೀರಿ. ಗೊತ್ತಿಲ್ಲದೆ ಹಾಕ್ದೆ, ಗೊತ್ತಿಲ್ಲದೆ ದೂರೂ ಹೇಳ್ದೆ." ಅವಳು ಅವನ ಮುಖ ನೋಡಲಿಲ್ಲ.

ಪಾಷಾ ಅಂಗಿಯ ಜೇಬಿನಿಂದ ಮಡಿಸಿದ ಇಪ್ಪತ್ತು ರೂಪಾಯಿ ತೆಗೆದು ಬೆಂಚಿನ ಮೇಲಿಟ್ಟ. ತಾಜುನ್ನೀಸಾ ಕೊಟ್ಟು ಕಳಿಸಿದ್ದು.

"ಏನಿದು?"

"ಹದಿನಾಲ್ಕು ವರ್ಷದ್ದಲ್ಲ ಅಕ್ಕ. ನೀನು ಎಲೆ ಹಾಕ್ದೆ, ನಾನು ಬಸ್ ನಿಲ್ಲಿಸ್ದೆ, ಅದು ಸರಿಹೋಯ್ತು. ಇದು ಆ ಇಪ್ಪತ್ತಾರು ರೊಟ್ಟಿದು. ಆಗ ನಾನು ಡ್ರೈವರ್ ಆಗಿರ್ಲಿಲ್ಲ."

"ನಾನೂ ಆಗ ಹೋಟ್ಲೋಳಾಗಿರ್ಲಿಲ್ಲ," ಅಂದಳು ಹೊಂಬಾಳಮ್ಮ. "ಎತ್ತಿ ಜೇಬಿಗೆ ಹಾಕ್ಕೊಳ್ಳಿ. ಕೈ ಎಣ್ಣೆಯಾಗಿದೆ, ನಾನು ಮುಟ್ಟಲ್ಲ."

ಹೊರಗೆ ರಾಮಾಂಜಿನಯ್ಯ ಸೀಟಿ ಊದಿದ. ಪಾಷಾ ನೋಟನ್ನು ಎತ್ತಿಕೊಂಡ. ಅವಳು ಆಗಲೇ ಒಲೆಯ ಕಡೆ ತಿರುಗಿ ಬೇರೆಯವರಿಗೆ ವಡೆ ತಟ್ಟುತ್ತಿದ್ದಳು.

ರಾತ್ರಿ ನೋಟು ವಾಪಸು ಬಂದದ್ದನ್ನು ನೋಡಿ ತಾಜುನ್ನೀಸಾ ಕೇಳಿದಳು, "ತಗೊಳ್ಳಲಿಲ್ವಾ?"

"ಇಲ್ಲ."

ಅವಳು ಅದನ್ನು ಬಿಡಿಸಿ, ಅಂಗೈಯಿಂದ ಸವರಿ ನೆಟ್ಟಗೆ ಮಾಡಿದಳು. "ಹಂಗಾದ್ರೆ ಇರಲಿ ಬಿಡಿ, ಆಕೆಗೆ ನಮ್ಮ ಬಾಕಿ," ಅಂದು ಮುದ್ದೆ ಕಟ್ಟಲು ಒಳಗೆ ಹೋದಳು.